ರೋನ್ ನದಿಯ ಪಕ್ಕ ಮನೆ ಮಾಡಬಹುದೇ?

ಪ್ರಶ್ನೆ: ನಾವು ಮೈಸೂರಿನವರು. ಮಗಳಿಗೆ ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತದ ಫಿಸ್ಪ್ ಎಂಬ ಪಟ್ಟಣದ ಔಷಧ ತಯಾರಿಕಾ ಘಟಕದಲ್ಲಿ ಕೆಲಸ ಸಿಕ್ಕಿದೆ. ಬಾಡಿಗೆಗೆ ಮೂರು ಮನೆ ನೋಡಿಟ್ಟಿದ್ದಾಳೆ. ಮೊದಲನೆಯದು ಫಿಸ್ಪ್ ರೈಲು ನಿಲ್ದಾಣಕ್ಕೂ ರೋನ್ ನದಿಗೂ ನಡುವಿನ ಸಮತಟ್ಟಿನಲ್ಲಿ ಹೊಸದಾಗಿ ಕಟ್ಟಿದ ಅಪಾರ್ಟ್‌ಮೆಂಟ್, ಮೂರನೆಯ ಅಂತಸ್ತು. ಎರಡನೆಯದು ಬ್ರಿಗ್‌ನಲ್ಲಿ ಸಾಲ್ಟಿನಾ ಎಂಬ ತೊರೆಯ ಹತ್ತಿರ ಹಳೆಯ ಮನೆಯ ನೆಲ ಅಂತಸ್ತು. ಮೂರನೆಯದು ಗುಡ್ಡದ ಮೇಲೆ ಫಿಸ್ಪರ್‌ಟರ್ಮಿನೆನ್ ಎಂಬ ಹಳ್ಳಿಯಲ್ಲಿ. 2025ರಲ್ಲಿ ಬ್ಲಾಟೆನ್ ಎಂಬ ಊರು ಹಿಮನದಿಯ ಕೆಳಗೆ ಹೂತುಹೋದ ವಿಡಿಯೊ ನೋಡಿದಾಗಿನಿಂದ ನನ್ನ ಹೆಂಡತಿಗೆ ನಿದ್ದೆಯಿಲ್ಲ. ಆ ಹೊಳೆ ಸೇರುವುದು ಇದೇ ರೋನ್ ನದಿಯನ್ನಂತೆ. ಹಿಮನದಿಗಳೆಲ್ಲ ಕರಗಿ ಕಣಿವೆ ಮುಳುಗುತ್ತದೆ ಎಂದು ಒಬ್ಬರು, ಇನ್ನು ಹತ್ತು ವರ್ಷದಲ್ಲಿ ನದಿಯೇ ಬತ್ತುತ್ತದೆ ಎಂದು ಇನ್ನೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಿದ್ದಾರೆ. ಮೇಲೆ ದೊಡ್ಡ ಅಣೆಕಟ್ಟೂ ಇದೆಯಂತೆ. ಚಿತ್ರಗಳಲ್ಲಿ ನದಿಯ ನೀರು ಸಿಮೆಂಟು ಕಲಸಿದಂತೆ ಬೂದುಬಣ್ಣ, ಅದು ಕಾರ್ಖಾನೆಯ ಕೊಳೆಯೇ? ಮನೆಯ ಹಿಂದೆ ಒಂದಿಷ್ಟು ಸೊಪ್ಪು ಬೆಳೆಯಬೇಕೆಂದು ಮಗಳ ಆಸೆ. ಆಗಸ್ಟ್‌ನಲ್ಲಿ ನಾವಿಬ್ಬರೂ ಹೋಗುವವರಿದ್ದೇವೆ. ಯಾವ ಮನೆ ಹಿಡಿಯಲು ಹೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅವುಗಳಲ್ಲಿ ಕೆಲವು ಆಧಾರವಿಲ್ಲದವು, ಕೆಲವು ನಿಜ. ಒಂದು ದೊಡ್ಡ ಅಪಾಯವನ್ನಂತೂ ನೀವು ಕೇಳಿಯೇ ಇಲ್ಲ. ಪರ್ವತ ನದಿಗಳು ಹೊತ್ತು ತರುವ ಕಲ್ಲು, ಮಣ್ಣು ಮತ್ತು ಪ್ರವಾಹಗಳ ಅಧ್ಯಯನವೇ ನನ್ನ ವೃತ್ತಿಯಾದ್ದರಿಂದ ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ.

ಮೊದಲು ನಿಮ್ಮ ಮನೆಯವರಿಗೆ ಇವತ್ತೇ ತಿಳಿಸಬಹುದಾದ ಮಾತು: ಬ್ಲಾಟೆನ್‌ನ ನೀರು ಫಿಸ್ಪ್‌ಗೆ ಬರಲಾರದು. ಬ್ಲಾಟೆನ್ ಇರುವುದು ಲ್ಯೋಚೆನ್ ಕಣಿವೆಯಲ್ಲಿ. ಅಲ್ಲಿಯ ಹೊಳೆಯ ಹೆಸರು ಲೊನ್ಜಾ. ಅದು ರೋನ್ ನದಿಯನ್ನು ಕೂಡುವುದು ಗಾಂಪೆಲ್ ಮತ್ತು ಸ್ಟೇಗ್ ಎಂಬ ಊರುಗಳ ನಡುವೆ. ರೋನ್ ಹರಿಯುವುದು ಪೂರ್ವದಿಂದ ಪಶ್ಚಿಮಕ್ಕೆ. ಮೇಲಿನಿಂದ ಬಂದರೆ ಮೊದಲು ಬ್ರಿಗ್, ಆಮೇಲೆ ಫಿಸ್ಪ್, ಅದರ ನಂತರ ರಾರೋನ್, ಆಮೇಲೆ ಗಾಂಪೆಲ್. ಅಂದರೆ ನಿಮ್ಮ ಮಗಳು ನೋಡಿರುವ ಮೂರೂ ಮನೆಗಳು ಆ ಸಂಗಮಕ್ಕಿಂತ ಮೇಲ್ಭಾಗದಲ್ಲಿವೆ.

ಬ್ಲಾಟೆನ್‌ನಲ್ಲಿ ನಡೆದದ್ದನ್ನೂ ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ವಿಡಿಯೊಗಳು ಕೊನೆಯ ಅರ್ಧ ನಿಮಿಷವನ್ನು ಮಾತ್ರ ತೋರಿಸುತ್ತವೆ. ಊರಿನ ಮೇಲಿನ ಕ್ಲೈನೆಸ್ ನೆಸ್ಟ್‌ಹಾರ್ನ್ ಶಿಖರದಿಂದ ಬಂಡೆಗಳು ಕಳಚಿ ಕೆಳಗಿನ ಬಿರ್ಚ್ ಹಿಮನದಿಯ ಬೆನ್ನಿನ ಮೇಲೆ ಬಿದ್ದು ರಾಶಿಯಾದವು. ಲಕ್ಷಗಟ್ಟಲೆ ಟನ್ ಭಾರ ಹೊತ್ತ ಹಿಮನದಿ ದಿನದಿಂದ ದಿನಕ್ಕೆ ವೇಗವಾಗಿ ಜಾರತೊಡಗಿತು. ಭೂವಿಜ್ಞಾನಿಗಳು ಅದನ್ನು ಅಳೆಯುತ್ತಲೇ ಇದ್ದರು. ಮೇ 19ರಂದು ಊರಿನ ಸುಮಾರು 300 ಜನರನ್ನು ಹೊರಗೆ ಕಳಿಸಲಾಯಿತು. ಮೇ 28ರಂದು ಬಂಡೆ, ಹಿಮ ಎರಡೂ ಸೇರಿ ಸುಮಾರು 90 ಲಕ್ಷ ಘನಮೀಟರ್ ಕುಸಿದು ಊರಿನ ಬಹುಭಾಗವನ್ನು ಮುಚ್ಚಿತು. ತೆರವಾದ ಪ್ರದೇಶದ ಹೊರಗೆ ಒಬ್ಬರು ಜೀವ ಕಳೆದುಕೊಂಡರು. ಲೊನ್ಜಾ ಹೊಳೆಗೆ ಅಡ್ಡಕಟ್ಟು ಬಿದ್ದು ಹಿಂದೆ ಕೆರೆಯಂತೆ ನೀರು ನಿಂತಾಗ ಕೆಳಗಿನ ಊರುಗಳವರು ಉಸಿರು ಬಿಗಿಹಿಡಿದಿದ್ದರು. ಕೆಳಗಿನ ಫೆರ್ಡೆನ್ ಜಲಾಶಯವನ್ನು ಮೊದಲೇ ಖಾಲಿ ಮಾಡಿ ಇಟ್ಟಿದ್ದರು. ಹೊಳೆ ರಾಶಿಯ ಮೇಲೆ ತಾನೇ ದಾರಿ ಕೊರೆದುಕೊಂಡಿತು, ಒಮ್ಮೆಗೇ ಒಡೆಯಲಿಲ್ಲ.

ಹಾಗೆ ಒಡೆದ ಉದಾಹರಣೆಯೂ ಇದೇ ಪ್ರಾಂತದಲ್ಲಿದೆ. 1818ರಲ್ಲಿ ಬಾನ್ಯ ಕಣಿವೆಯಲ್ಲಿ ಜಿಯೇತ್ರೊ ಹಿಮನದಿಯಿಂದ ಬಿದ್ದ ಮಂಜುಗಡ್ಡೆ ಹೊಳೆಗೆ ಅಡ್ಡಲಾಗಿ ನಿಂತು ದೊಡ್ಡ ಸರೋವರವಾಯಿತು. ಇಗ್ನಾಜ್ ವೆನೆಟ್ಸ್ ಎಂಬ ಎಂಜಿನಿಯರ್ ಮಂಜಿನೊಳಗೆ ಸುರಂಗ ಕೊರೆಸಿ ನೀರಿನ ಒಂದು ಭಾಗವನ್ನು ಹೊರಹಾಕಿದ. ಜೂನ್ 16ರಂದು ಉಳಿದದ್ದು ಒಡೆದು ಮಾರ್ತಿನ್ಯಿ ಪಟ್ಟಣದವರೆಗೂ ನುಗ್ಗಿತು, ಹತ್ತಾರು ಜನ ಸತ್ತರು. ಆ ಸುರಂಗ ಇಲ್ಲದಿದ್ದರೆ ಇನ್ನೆಷ್ಟು ಜೀವ ಹೋಗುತ್ತಿತ್ತೋ. ಇದೇ ವೆನೆಟ್ಸ್ ಮುಂದೆ, ಹಿಂದೊಂದು ಕಾಲದಲ್ಲಿ ಹಿಮನದಿಗಳು ಆಲ್ಪ್ಸ್‌ನ ಹೊರಗಿನ ಬಯಲಿನವರೆಗೂ ಚಾಚಿದ್ದವು ಎಂದು ಮೊದಮೊದಲು ವಾದಿಸಿದವರಲ್ಲಿ ಒಬ್ಬನಾದ. ಹಿಮಯುಗದ ಕಲ್ಪನೆ ವಿಜ್ಞಾನಕ್ಕೆ ಬಂದ ದಾರಿಗಳಲ್ಲಿ ಈ ಕಣಿವೆಯೂ ಒಂದು.

ಈಗ ನದಿಗೆ ಬರೋಣ. ರೋನ್ ಹುಟ್ಟುವುದು ಫುರ್ಕಾ ಕಣಿವೆದಾರಿಯ ಬಳಿ, ಸುಮಾರು 2,200 ಮೀಟರ್ ಎತ್ತರದಲ್ಲಿ ರೋನ್ ಹಿಮನದಿಯ ತುದಿಯಲ್ಲಿ. ಅಲ್ಲಿಂದ ಜಿನೀವಾ ಸರೋವರದವರೆಗಿನ ಸುಮಾರು 165 ಕಿಲೋಮೀಟರ್ ದಾರಿಯೇ ವಾಲೇ ಪ್ರಾಂತದ ಬೆನ್ನೆಲುಬು. ಫಿಸ್ಪ್‌ನ ಜರ್ಮನ್ ಭಾಷಿಕರು ಇದನ್ನು ರೊಟ್ಟೆನ್ ಎನ್ನುತ್ತಾರೆ. ಮಗಳು ಆ ಹೆಸರು ಕೇಳಿ ಬೇರೆ ನದಿ ಎಂದುಕೊಳ್ಳುವುದು ಬೇಡ.

ನಕ್ಷೆಯಲ್ಲಿ ನೋಡಿದರೆ ಈ ಕಣಿವೆ ಮಾರ್ತಿನ್ಯಿವರೆಗೆ ಬಹುತೇಕ ನೇರವಾಗಿದೆ. ಅದಕ್ಕೆ ಕಾರಣ ನೆಲದೊಳಗಿನ ಬಿರುಕು. ಉತ್ತರದ ಬರ್ನೀಸ್ ಆಲ್ಪ್ಸ್‌ಗೂ ದಕ್ಷಿಣದ ಪೆನ್ನೈನ್ ಆಲ್ಪ್ಸ್‌ಗೂ ನಡುವೆ ಭೂಪದರ ಸೀಳಿಕೊಂಡ ಜಾಡಿನಲ್ಲೇ ನೀರೂ ಹಿಮವೂ ಕೊರೆಯುತ್ತ ಬಂದಿವೆ. ಇದೇ ಜಾಡು ಫುರ್ಕಾದಿಂದ ಪೂರ್ವಕ್ಕೂ ಮುಂದುವರಿಯುತ್ತದೆ, ಆ ಕಡೆ ಹರಿಯುವುದು ರೈನ್. ಮಾರ್ತಿನ್ಯಿಯಲ್ಲಿ ರೋನ್ ಇದ್ದಕ್ಕಿದ್ದಂತೆ ಬಲಕ್ಕೆ ತಿರುಗಿ, ಪರ್ವತಸಾಲನ್ನೇ ಅಡ್ಡಲಾಗಿ ಸೀಳಿ, ಸೇಂ ಮೋರಿಸ್ ಎಂಬಲ್ಲಿ ಇಕ್ಕಟ್ಟಾಗಿ ನುಸುಳಿ ಸರೋವರದ ಕಡೆ ಹೋಗುತ್ತದೆ. ಹಿಮಯುಗದ ಹಿಮನದಿಗಳು ಈ ಕಣಿವೆಯನ್ನು ಎಷ್ಟು ಆಳಕ್ಕೆ ಕೆರೆದವೆಂದರೆ, ಮಾರ್ತಿನ್ಯಿಯ ಸುತ್ತ ಗಟ್ಟಿ ಬಂಡೆ ಸಿಗುವುದು ಸಮುದ್ರಮಟ್ಟಕ್ಕಿಂತ ಕೆಳಗೆ. ಆ ಗುಂಡಿಯನ್ನು ತುಂಬಿರುವುದು ನೂರಾರು ಮೀಟರ್ ದಪ್ಪದ ಮರಳು, ಜೇಡಿ, ಜಲ್ಲಿ. ಫಿಸ್ಪ್‌ನ ಸಮತಟ್ಟು ನೆಲವೂ ಅದೇ ಬಗೆಯದು. ಈ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಿಮನದಿ ಕರಗಿ ಕಣಿವೆ ಮುಳುಗುತ್ತದೆ ಎನ್ನುವುದು ನಿಜವಲ್ಲ. ಹಿಮನದಿಗಳು ಕರಗುತ್ತಿರುವುದು ನಿಜ, ಅದೂ ಹೃದಯ ಹಿಂಡುವ ವೇಗದಲ್ಲಿ. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಹತ್ತರಲ್ಲಿ ಒಂದು ಭಾಗವನ್ನು ಕಳೆದುಕೊಂಡವು. ಹತ್ತೊಂಬತ್ತನೆಯ ಶತಮಾನದ ನಡುವೆ ರೋನ್ ಹಿಮನದಿ ಕೆಳಗಿನ ಗ್ಲೆಚ್‌ನ ಬಯಲಿನವರೆಗೂ ಇಳಿದಿತ್ತು. ಈಗ ಅದರ ತುದಿಯಲ್ಲಿ ಹೊಸ ಸರೋವರವೊಂದು ಮೂಡಿದೆ. ಆದರೆ ಈ ಕರಗುವಿಕೆ ಬೇಸಿಗೆಯ ತಿಂಗಳುಗಳ ಉದ್ದಕ್ಕೂ ಹರಡಿಕೊಂಡಿರುತ್ತದೆ. ಬಿಸಿಲು ಏರಿದಷ್ಟು ಹೊಳೆ ಏರುತ್ತದೆ, ರಾತ್ರಿ ಇಳಿಯುತ್ತದೆ. ಊರು ಮುಳುಗಿಸುವ ಪ್ರವಾಹ ಇದರಿಂದಷ್ಟೇ ಹುಟ್ಟುವುದಿಲ್ಲ.

ನದಿ ಬತ್ತುತ್ತದೆ ಎನ್ನುವುದೂ ಹಾಗೆಯೇ. ಮಳೆ ಮತ್ತು ಚಳಿಗಾಲದ ಹಿಮ ಇರುವವರೆಗೂ ನದಿ ಇರುತ್ತದೆ. ಬದಲಾಗುವುದು ನೀರು ಬರುವ ಕಾಲ: ಚಳಿಗಾಲದಲ್ಲಿ ಈಗಿನದಕ್ಕಿಂತ ಹೆಚ್ಚು, ಬೇಸಿಗೆಯ ಕೊನೆಯಲ್ಲಿ ಕಡಿಮೆ. ಅದು ಸಣ್ಣ ಸಂಗತಿಯೇನಲ್ಲ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿ ಚಳ್ಳಕೆರೆ ಒಣಗಿರುವಂತೆ, ಎರಡೂ ಕಡೆ ನಾಲ್ಕು ಸಾವಿರ ಮೀಟರ್ ಮೀರಿದ ಶಿಖರಗಳ ನಡುವೆ ಸಿಕ್ಕಿಕೊಂಡ ಫಿಸ್ಪ್ ಸುತ್ತಲಿನ ನೆಲ ಸ್ವಿಟ್ಜರ್ಲೆಂಡಿನಲ್ಲೇ ಅತ್ಯಂತ ಒಣ ಭಾಗ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಅದಕ್ಕೇ ಇಲ್ಲಿಯ ರೈತರು ಶತಮಾನಗಳಿಂದ ಹಿಮನದಿಯ ನೀರನ್ನು ಕಡಿದಾದ ಬೆಟ್ಟದ ಮೈಗೆ ಅಂಟಿಸಿದ ಕಾಲುವೆಗಳಲ್ಲಿ ಹೊಲ, ದ್ರಾಕ್ಷಿತೋಟಗಳಿಗೆ ತರುತ್ತಿದ್ದಾರೆ. ಜರ್ಮನ್‌ನಲ್ಲಿ ಅವುಗಳಿಗೆ ಸುವೊನೆನ್ ಎನ್ನುತ್ತಾರೆ, ಫ್ರೆಂಚ್‌ನಲ್ಲಿ ಬಿಸ್. ಮುಂದಿನ ದಶಕಗಳಲ್ಲಿ ಆಗಸ್ಟ್ ನೀರಿನ ಕೊರತೆ ಮೊದಲು ತಟ್ಟುವುದು ಅವರಿಗೆ. ಬಾಡಿಗೆ ಮನೆಯ ನಲ್ಲಿಗಲ್ಲ.

ಹಾಗಾದರೆ ಪ್ರವಾಹ ಬರುವುದು ಎಲ್ಲಿಂದ? ಬಹಳ ಮಟ್ಟಿಗೆ ದಕ್ಷಿಣದಿಂದ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮೆಡಿಟರೇನಿಯನ್ ಸಮುದ್ರದ ಬೆಚ್ಚಗಿನ ತೇವದ ಗಾಳಿ ಇಟಲಿಯ ಕಡೆಯಿಂದ ಬಂದು ಸಿಂಪ್ಲನ್ ಮತ್ತು ಸಾಸ್ ಭಾಗದ ಎತ್ತರದ ಸಾಲಿಗೆ ಅಪ್ಪಳಿಸುತ್ತದೆ, ಒಂದಿಷ್ಟು ಮೇಲೆ ಹಾದು ಈಚೆಗೂ ಸುರಿಯುತ್ತದೆ. ಗಾಳಿ ತಣ್ಣಗಿದ್ದರೆ ಎತ್ತರದಲ್ಲಿ ಅದು ಹಿಮವಾಗಿ ಬಿದ್ದು ಅಲ್ಲೇ ನಿಲ್ಲುತ್ತದೆ. ಬೆಚ್ಚಗಿದ್ದರೆ 3,000 ಮೀಟರ್ ಹತ್ತಿರದವರೆಗೂ ಮಳೆಯೇ. ಆಗ ಇಡೀ ಜಲಾನಯನದ ನೀರು ಒಮ್ಮೆಲೇ ಕೆಳಗಿಳಿಯುತ್ತದೆ. 1993ರ ಸೆಪ್ಟೆಂಬರ್, 2000ದ ಅಕ್ಟೋಬರ್ ಹೀಗೆ ಆದವು. 2024ರ ಜೂನ್ ಕೊನೆಯಲ್ಲಿ ಆದದ್ದು ಸ್ವಲ್ಪ ಬೇರೆ: ಎತ್ತರದಲ್ಲಿ ಇನ್ನೂ ಬಹಳ ಹಿಮ ಉಳಿದಿತ್ತು, ಕರಗಿದ ನೀರಿನಿಂದ ಹೊಳೆಗಳು ಆಗಲೇ ತುಂಬಿದ್ದವು, ಅದರ ಮೇಲೆ ಗುಡುಗುಮಳೆ. ಸಿಯೇರ್ ಬಳಿ ರೋನ್ ದಂಡೆ ಮೀರಿತು, ಅಲ್ಯೂಮಿನಿಯಂ ಕಾರ್ಖಾನೆಯೊಂದು ಮುಳುಗಿ ಜರ್ಮನಿಯ ಕಾರು ತಯಾರಕರಿಗೂ ಅದರ ಬಿಸಿ ತಟ್ಟಿತು. ವಾತಾವರಣ ಬಿಸಿಯಾದಂತೆ ಮಳೆ ಹಿಮವಾಗುವ ಎತ್ತರ ಮೇಲೇರುತ್ತದೆ. ಎತ್ತರದ ಇಳಿಜಾರುಗಳಲ್ಲಿ ಸದಾ ಹೆಪ್ಪುಗಟ್ಟಿರುವ ನೆಲ ಸಡಿಲಗೊಂಡು ಹೆಚ್ಚು ಕಲ್ಲು ಕೆಳಗೆ ಬರುತ್ತದೆ. ಹವಾಮಾನ ಬದಲಾವಣೆಗೂ ಈ ಕಣಿವೆಯ ಪ್ರವಾಹಕ್ಕೂ ಇರುವ ನಿಜವಾದ ಕೊಂಡಿ ಇದು.

ನೀರಿನಷ್ಟೇ ಮುಖ್ಯವಾದದ್ದು ಕಲ್ಲು. ನನ್ನ ವೃತ್ತಿಯಲ್ಲಿ ಇದನ್ನು ಒಪ್ಪಿಸುವುದೇ ಅತ್ಯಂತ ಕಷ್ಟ, ಏಕೆಂದರೆ ಜನ ನದಿಯನ್ನು ನೋಡುವಾಗ ನೀರನ್ನಷ್ಟೇ ನೋಡುತ್ತಾರೆ. ರೋನ್ ತನ್ನ ಹುಟ್ಟಿನಿಂದ ಬ್ರಿಗ್‌ವರೆಗಿನ ಸುಮಾರು 50 ಕಿಲೋಮೀಟರಿನಲ್ಲಿ 1,500 ಮೀಟರ್ ಇಳಿಯುತ್ತದೆ. ಅಲ್ಲಿಂದ ಸರೋವರದವರೆಗಿನ 110ಕ್ಕೂ ಹೆಚ್ಚು ಕಿಲೋಮೀಟರಿನಲ್ಲಿ ಇಳಿಯುವುದು ಬರೀ 300 ಮೀಟರ್. ಇಳಿಜಾರು ಹೀಗೆ ತಗ್ಗಿದಾಗ, ಪಕ್ಕದ ತೊರೆಗಳೆಲ್ಲ ತಂದು ಸುರಿಯುವ ಜಲ್ಲಿಯನ್ನು ಸಾಗಿಸಲು ನದಿಗೆ ಬಲ ಸಾಲದು. ಹಿಂದೆ ಅದು ಕಣಿವೆಯ ಅಗಲಕ್ಕೂ ಹತ್ತಾರು ಕವಲಾಗಿ ಅಲೆದಾಡುತ್ತ ಜಲ್ಲಿಯನ್ನು ಅಲ್ಲಲ್ಲೇ ಬಿಡುತ್ತಿತ್ತು. ಕಣಿವೆಯ ತಳ ಜೌಗು, ಮಲೇರಿಯಾ ಇದ್ದ ನೆಲ. ಹಳೆಯ ಊರುಗಳು ತಳವನ್ನು ಬಿಟ್ಟು ಬೆಟ್ಟದ ಮೈಯಲ್ಲಿ, ತೊರೆಗಳ ಬಾಯಲ್ಲಿ ಎತ್ತರವಾಗಿ ಹರಡಿದ ಮೆಕ್ಕಲಿನ ಬೀಸಣಿಗೆಗಳ ಮೇಲೆ ಕೂತಿರುವುದು ಇದಕ್ಕೇ.

1860ರ ದೊಡ್ಡ ಪ್ರವಾಹದ ನಂತರ ದೇಶದ ಸರಕಾರದ ಹಣ ಸೇರಿಸಿ 1863ರಿಂದ 1894ರವರೆಗೆ ನದಿಯನ್ನು ಒಡ್ಡುಗಳ ನಡುವೆ ಕೂಡಿಹಾಕಲಾಯಿತು. ಸಾಲದೆಂದು 1930ರಿಂದ 1960ರವರೆಗೆ ಇನ್ನೊಮ್ಮೆ ಬಿಗಿಗೊಳಿಸಿದರು. ಪಾತ್ರವನ್ನು ಕಿರಿದು ಮಾಡಿದರೆ ನೀರು ವೇಗವಾಗಿ ಹರಿದು ಜಲ್ಲಿಯನ್ನು ತಾನೇ ತೊಳೆದುಕೊಂಡು ಹೋಗುತ್ತದೆ ಎಂಬುದು ಲೆಕ್ಕಾಚಾರ. ಪೂರ್ತಿ ಹಾಗಾಗಲಿಲ್ಲ. ಜಲ್ಲಿ ಪಾತ್ರದಲ್ಲೇ ಕೂತು, ಕೆಲವೆಡೆ ನದಿಯ ತಳವೇ ಪಕ್ಕದ ಹೊಲಕ್ಕಿಂತ ಎತ್ತರಕ್ಕೆ ಬಂತು. ಯಂತ್ರಗಳಿಂದ ಜಲ್ಲಿ ಎತ್ತುತ್ತಲೇ ಇರಬೇಕಾಯಿತು. ಅಂಥ ಕಡೆ ಒಡ್ಡು ಒಡೆದರೆ ಹೊರಬಂದ ನೀರಿಗೆ ನದಿಗೆ ಮರಳುವ ದಾರಿ ಇರುವುದಿಲ್ಲ, ಬಯಲಿನಲ್ಲೇ ನಿಲ್ಲುತ್ತದೆ.

2000ದ ಪ್ರವಾಹದ ನಂತರ ಮೂರನೆಯ ತಿದ್ದುಪಡಿ ಎಂಬ ಯೋಜನೆ ರೂಪುಗೊಂಡಿತು: ಒಡ್ಡುಗಳನ್ನು ಹಿಂದಕ್ಕೆ ಸರಿಸಿ ನದಿಗೆ ಅಗಲ ಕೊಡುವುದು. 2015ರಲ್ಲಿ ವಾಲೇ ಮತದಾರರು ಅದರ ಹಣಕಾಸಿಗೆ ಒಪ್ಪಿಗೆ ಕೊಟ್ಟರು. ವೆಚ್ಚದ ಅಂದಾಜು 360 ಕೋಟಿ ಫ್ರಾಂಕ್. 2024ರಲ್ಲಿ ಪ್ರಾಂತದ ಸರಕಾರ ಯೋಜನೆಯನ್ನು ಮರುಪರಿಶೀಲಿಸಿ ಕಿರಿದು ಮಾಡಬೇಕೆಂದು ಪ್ರಕಟಿಸಿತು. ಅದಾದ ಕೆಲವೇ ವಾರಗಳಲ್ಲಿ ಜೂನ್ ಪ್ರವಾಹ ಬಂತು. ಜೌಗನ್ನು ಒಣಗಿಸಿ ಅಜ್ಜಂದಿರು ಮಾಡಿದ ಹೊಲವನ್ನು ನದಿಗೆ ಬಿಟ್ಟುಕೊಡಬೇಕಾದ ರೈತರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಅಗಲ ಕೊಡದೆ ಬೇರೆ ದಾರಿಯಿಲ್ಲವೆಂದೇ ನಾನು ನಂಬಿದ್ದೇನೆ. ಒಡ್ಡನ್ನು ಎತ್ತರಿಸುತ್ತ ಹೋದಷ್ಟೂ ಅದು ಒಡೆಯುವ ದಿನದ ಹಾನಿ ದೊಡ್ಡದಾಗುತ್ತದೆ. ನಿಮಗೆ ಇದರಲ್ಲಿ ಸಮಾಧಾನದ ಸಂಗತಿಯೆಂದರೆ, ಆದ್ಯತೆಯ ಮೇಲೆ ಮೊದಲು ಕೈಗೆತ್ತಿಕೊಂಡ ಭಾಗ ಫಿಸ್ಪ್. ಅಲ್ಲಿ ನದಿಯ ಪಾತ್ರವನ್ನು ಆಗಲೇ ಹಿಗ್ಗಿಸಿ ಒಡ್ಡುಗಳನ್ನು ಬಲಪಡಿಸಿದ್ದಾರೆ. 2024ರಲ್ಲಿ ಕೆಳಗಿನ ಸಿಯೇರ್ ಅನುಭವಿಸಿದ್ದನ್ನು ಫಿಸ್ಪ್ ಅನುಭವಿಸಲಿಲ್ಲ.

ಅಣೆಕಟ್ಟಿನ ವಿಷಯ. ಫಿಸ್ಪ್‌ನಲ್ಲಿ ರೋನ್ ನದಿಯನ್ನು ಕೂಡುವ ಹೊಳೆ ಫಿಸ್ಪಾ. ಝರ್ಮಾಟ್ ಕಡೆಯದೊಂದು, ಸಾಸ್ ಕಡೆಯದೊಂದು ಹೊಳೆ ಸ್ಟಾಲ್ಡೆನ್ ಬಳಿ ಸೇರಿ ಫಿಸ್ಪಾ ಆಗುತ್ತದೆ. ಸಾಸ್ ಕಣಿವೆಯ ತಲೆಯಲ್ಲಿ ಮಾಟ್‌ಮಾರ್ಕ್ ಅಣೆಕಟ್ಟಿದೆ, ಸುಮಾರು 10 ಕೋಟಿ ಘನಮೀಟರ್ ನೀರು ಹಿಡಿಯುವ ಮಣ್ಣು-ಕಲ್ಲಿನ ಕಟ್ಟೆ. 1965ರ ಆಗಸ್ಟ್ 30ರಂದು ಅಲ್ಲಿ 88 ಮಂದಿ ಸತ್ತದ್ದು ನಿಜ, ವಾಟ್ಸ್‌ಆ್ಯಪ್ ಸಂದೇಶಗಳು ಅದನ್ನೇ ಅಣೆಕಟ್ಟು ಒಡೆದ ಕಥೆಯಾಗಿ ಹೇಳುತ್ತವೆ. ಅಂದು ಅಣೆಕಟ್ಟು ಒಡೆಯಲಿಲ್ಲ, ಅದು ಇನ್ನೂ ಕಟ್ಟಡದ ಹಂತದಲ್ಲಿತ್ತು. ಅಲ್ಲಾಲಿನ್ ಹಿಮನದಿಯ ನಾಲಗೆ ಮುರಿದು, ಅದರ ಕೆಳಗೇ ಹಾಕಿದ್ದ ಕಾರ್ಮಿಕರ ಬಿಡಾರಗಳ ಮೇಲೆ ಬಿತ್ತು. ಸತ್ತವರಲ್ಲಿ ಬಹುಪಾಲು ಇಟಲಿಯಿಂದ ಕೂಲಿಗೆ ಬಂದವರು. ಹಿಮನದಿಯ ಕೆಳಗೆ ಬಿಡಾರ ಹಾಕಿದ ಆ ನಿರ್ಧಾರ ಇವತ್ತಿಗೂ ನನಗೆ ನೋವು ಕೊಡುತ್ತದೆ. ಈಗಿನ ಅಣೆಕಟ್ಟುಗಳ ಮೇಲೆ ನಿರಂತರ ನಿಗಾ ಇದೆ. ಪ್ರವಾಹದ ಸಮಯದಲ್ಲಿ ಅವು ಒಂದಷ್ಟು ನೀರನ್ನು ಹಿಡಿದಿಟ್ಟುಕೊಂಡು ಕೆಳಗಿನವರಿಗೆ ಉಪಕಾರವನ್ನೇ ಮಾಡುತ್ತವೆ. ಅಪಾಯ ಸೊನ್ನೆ ಎಂದು ಯಾವ ಎಂಜಿನಿಯರೂ ಹೇಳಲಾರ. ಅದಕ್ಕಾಗಿ ದೊಡ್ಡ ಅಣೆಕಟ್ಟುಗಳ ಕೆಳಗೆ ಪ್ರತ್ಯೇಕ ಸೈರನ್ ಇದೆ: 20 ಸೆಕೆಂಡಿನ ತಗ್ಗು ದನಿಯ ಕೂಗು, 10 ಸೆಕೆಂಡ್ ಬಿಡುವು, ಹೀಗೆ 12 ಬಾರಿ. ಅದು ಕೇಳಿದರೆ ಏನನ್ನೂ ಎತ್ತಿಕೊಳ್ಳದೆ ಮೇಲಕ್ಕೆ ನಡೆಯಬೇಕು. ಏರಿಳಿಯುವ ದನಿಯ ಸೈರನ್ ಆದರೆ ರೇಡಿಯೊ ಅಥವಾ ಅಲರ್ಟ್‌ಸ್ವಿಸ್ ಆ್ಯಪ್ ನೋಡಬೇಕು. ಪ್ರತಿ ವರ್ಷ ಫೆಬ್ರುವರಿಯ ಮೊದಲ ಬುಧವಾರ ಮಧ್ಯಾಹ್ನ ಇವನ್ನು ಪರೀಕ್ಷೆಗೆಂದು ಕೂಗಿಸುತ್ತಾರೆ. ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಆ ದಿನ ನಿಮಗೆ ಮೈಸೂರಿಗೆ ಗಾಬರಿಯ ಫೋನ್ ಬರುತ್ತದೆ.

ನೀವು ಕೇಳದೇ ಬಿಟ್ಟ ಅಪಾಯ ಭೂಕಂಪ. ಸ್ವಿಟ್ಜರ್ಲೆಂಡಿನಲ್ಲಿ ಭೂಕಂಪದ ಸಾಧ್ಯತೆ ಅತ್ಯಂತ ಹೆಚ್ಚಿರುವ ಪ್ರದೇಶ ವಾಲೇ. 1855ರ ಜುಲೈ 25ರಂದು ಫಿಸ್ಪ್ ಬಳಿಯೇ 6ಕ್ಕೂ ಮೀರಿದ ತೀವ್ರತೆಯ ಕಂಪನವಾಗಿ ಊರಿನ ಮನೆಗಳು ಜಖಂಗೊಂಡವು. 1946ರ ಜನವರಿಯಲ್ಲಿ ಸಿಯೇರ್ ಬಳಿ ಇನ್ನೊಂದು ದೊಡ್ಡದು ಆಯಿತು. ಕಣಿವೆಯ ತಳ ತುಂಬಿರುವ ಸಡಿಲ ಮೆಕ್ಕಲು ಎಂದೆನಲ್ಲ, ಅದು ಕಂಪನವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ನೀರು ತುಂಬಿದ ಮರಳಿದ್ದಲ್ಲಿ ನೆಲವೇ ಕುಸಿದಂತಾಗಬಹುದು. ನಿತ್ಯ ಹೆದರಿಕೊಂಡು ಕೂರುವ ವಿಷಯ ಇದಲ್ಲ, ಇಂಥ ಕಂಪನಗಳ ನಡುವೆ ತಲೆಮಾರುಗಳೇ ಕಳೆಯುತ್ತವೆ. ಆದರೆ ಮನೆ ಆರಿಸುವಾಗ ಕಟ್ಟಿದ ವರ್ಷ ಕೇಳಲು ಇದು ಸಾಕಷ್ಟು ದೊಡ್ಡ ಕಾರಣ. ಹೊಸ ಕಟ್ಟಡಗಳು ಭೂಕಂಪ ನಿರೋಧಕ ನಿಯಮಗಳಿಗೆ ಒಳಪಟ್ಟಿರುತ್ತವೆ. ಹಳೆಯ ಕಲ್ಲುಗೋಡೆಯ ಮನೆಗಳು ಹಾಗಲ್ಲ.

ಇನ್ನು ಮೂರು ಮನೆಗಳು.

ಬ್ರಿಗ್‌ನ ಮನೆಯನ್ನು ನಾನು ಬೇಡವೆನ್ನುತ್ತೇನೆ. ಊರು ಕೆಟ್ಟದ್ದೆಂದಲ್ಲ, ಆ ನೆಲ ಅಂತಸ್ತು ಬೇಡ. ಬ್ರಿಗ್ ನಿಂತಿರುವುದು ಸಾಲ್ಟಿನಾ ತೊರೆಯೇ ಕಟ್ಟಿದ ಮೆಕ್ಕಲಿನ ಬೀಸಣಿಗೆಯ ಮೇಲೆ. ಬೀಸಣಿಗೆ ಎಂದರೆ ತೊರೆ ಒಂದು ಕಾಲಕ್ಕೆ ಇಲ್ಲೆಲ್ಲ ಹರಿದಿತ್ತು ಎಂಬುದಕ್ಕೆ ಸಾಕ್ಷಿ. 1993ರ ಸೆಪ್ಟೆಂಬರ್ 24ರಂದು ಸಾಲ್ಟಿನಾ ಹೊತ್ತು ತಂದ ಕಲ್ಲು, ಜಲ್ಲಿ ಪಟ್ಟಣದ ಸೇತುವೆಯ ಕೆಳಗೆ ಸಿಕ್ಕಿಕೊಂಡು ದಾರಿ ಕಟ್ಟಿತು. ತೊರೆ ಪಕ್ಕಕ್ಕೆ ಹೊರಳಿ ಪೇಟೆಬೀದಿಗಳೊಳಗೆ ಹರಿಯಿತು, ಅಂಗಡಿಗಳು ಆಳೆತ್ತರದ ಕೆಸರು-ಕಲ್ಲಿನಲ್ಲಿ ಹೂತವು, ಇಬ್ಬರು ಸತ್ತರು. ಆಮೇಲೆ ಆ ಊರಿನವರು ಕಟ್ಟಿದ್ದು ನಾನು ಕಂಡ ಬುದ್ಧಿವಂತ ಸೇತುವೆಗಳಲ್ಲಿ ಒಂದು: ನೀರು ಏರಿದಾಗ ಪ್ರವಾಹದ ನೀರಿನ ಬಲದಿಂದಲೇ ಇಡೀ ಸೇತುವೆ ಮೇಲೇಳುತ್ತದೆ, ಕಲ್ಲಿಗೆ ಕೆಳಗೆ ದಾರಿ ಸಿಗುತ್ತದೆ. 2000ದಲ್ಲಿ ಅದು ಪಟ್ಟಣವನ್ನು ಉಳಿಸಿತು. ಅಷ್ಟಾದರೂ ತೊರೆಯ ಪಕ್ಕದ ನೆಲ ಅಂತಸ್ತು, ಹಳೆಯ ಕಟ್ಟಡ ಎರಡೂ ಸೇರಿದರೆ ನನಗೆ ಮನಸ್ಸು ಒಪ್ಪುವುದಿಲ್ಲ. ಬ್ರಿಗ್‌ನಲ್ಲೇ ತೊರೆಯಿಂದ ದೂರ, ಮೇಲಂತಸ್ತಿನ ಮನೆ ಸಿಕ್ಕರೆ ಯಾವ ತಕರಾರೂ ಇಲ್ಲ. ಅಲ್ಲಿಂದ ಫಿಸ್ಪ್‌ಗೆ ರೈಲಿನಲ್ಲಿ ಹತ್ತು ನಿಮಿಷವೂ ಬೇಡ.

ಫಿಸ್ಪರ್‌ಟರ್ಮಿನೆನ್ ಬಹಳ ಚೆಲುವಾದ ಊರು. ಅದರ ಕೆಳಗಿನ ಮೆಟ್ಟಿಲುಗಳಂಥ ದ್ರಾಕ್ಷಿತೋಟಗಳು 1,100 ಮೀಟರ್ ಮೀರಿದ ಎತ್ತರದವರೆಗೆ ಏರುತ್ತವೆ. ನದಿ ಅಲ್ಲಿಗೆ ಎಂದಿಗೂ ತಲುಪದು. ಆದರೆ ಗುಡ್ಡದ ಮೇಲಿದ್ದರೆ ಸುರಕ್ಷಿತ ಎಂಬ ನಂಬಿಕೆಯನ್ನು ನಾನು ಎಚ್ಚರದಿಂದ ನೋಡುತ್ತೇನೆ. ಇಳಿಜಾರಿನಲ್ಲಿ ನೆಲಜಾರು, ಬಂಡೆಬೀಳು, ಕೆಲವೆಡೆ ಹಿಮಪಾತದ ಅಪಾಯಗಳು ಸೇರಿಕೊಳ್ಳುತ್ತವೆ. ಫಿಸ್ಪಾ ಕಣಿವೆಯ ರಾಂಡಾ ಎಂಬಲ್ಲಿ 1991ರಲ್ಲಿ ಎರಡು ಕಂತಿನಲ್ಲಿ ಸುಮಾರು 3 ಕೋಟಿ ಘನಮೀಟರ್ ಬಂಡೆ ಕುಸಿದು ಹೊಳೆ, ರೈಲುದಾರಿ, ರಸ್ತೆ ಎಲ್ಲವನ್ನೂ ಮುಚ್ಚಿತು, ಬ್ಲಾಟೆನ್‌ಗಿಂತ ಮೂರು ಪಟ್ಟು. ಯಾರೂ ಸಾಯಲಿಲ್ಲ ಎಂಬುದೇ ಪುಣ್ಯ. ಫಿಸ್ಪರ್‌ಟರ್ಮಿನೆನ್‌ಗೆ ಅಂಥದ್ದು ಕಾದಿದೆ ಎಂದು ನಾನು ಹೇಳುತ್ತಿಲ್ಲ. ಮಗಳಿಗೆ ಅಲ್ಲಿ ನಿತ್ಯ ಎದುರಾಗುವುದು ಬೇರೆ: ಚಳಿಗಾಲದ ಮುಂಜಾನೆ ಹಿಮ ಬಿದ್ದ ತಿರುವುಗಳ ರಸ್ತೆ, ಬಸ್ಸಿನ ವೇಳೆ, ಪಾಳಿ ಕೆಲಸವಾದರೆ ರಾತ್ರಿಯ ಪಯಣ. ಅಂಕಿಅಂಶ ಕೇಳದೆಯೂ ಹೇಳಬಲ್ಲೆ, ನಿತ್ಯದ ರಸ್ತೆಯ ಅಪಾಯ ನೂರು ವರ್ಷಕ್ಕೊಮ್ಮೆಯ ಪ್ರವಾಹಕ್ಕಿಂತ ಹತ್ತಿರದ್ದು.

ಹಾಗಾಗಿ ನನ್ನ ಮಗಳಾಗಿದ್ದರೆ ಫಿಸ್ಪ್‌ನ ಮೂರನೆಯ ಅಂತಸ್ತು ಹಿಡಿ ಎನ್ನುತ್ತಿದ್ದೆ. ಪಾತ್ರ ಹಿಗ್ಗಿಸಿದ ಭಾಗ, ಹೊಸ ಕಟ್ಟಡ, ನೀರು ಮುಟ್ಟದ ಎತ್ತರ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದು ಕೆಲಸ ಮಾಡಲಿ. ಸ್ವಿಟ್ಜರ್ಲೆಂಡಿನಲ್ಲಿ ಪ್ರತಿ ಊರಿಗೂ ಅಪಾಯದ ನಕ್ಷೆ ಇದೆ, ಅಂತರ್ಜಾಲದಲ್ಲೇ ಸಿಗುತ್ತದೆ, ಪುರಸಭೆಯ ಕಚೇರಿಯಲ್ಲಿ ಕೇಳಿದರೂ ತೋರಿಸುತ್ತಾರೆ. ಕೆಂಪು ಬಣ್ಣದ ನೆಲದಲ್ಲಿ ಹೊಸದಾಗಿ ಮನೆ ಕಟ್ಟುವಂತಿಲ್ಲ. ನೀಲಿಯಲ್ಲಿ ಷರತ್ತುಗಳೊಡನೆ ಕಟ್ಟಬಹುದು. ಹಳದಿ ಎಂದರೆ ಅಪಾಯ ಕಡಿಮೆ, ತಿಳಿದಿರಿ ಎಂದರ್ಥ. ಹಳದಿ-ಬಿಳಿ ಗೆರೆಗಳಿದ್ದರೆ ಅಪರೂಪಕ್ಕೆ ಬರಬಹುದಾದ ದೊಡ್ಡ ಘಟನೆ. ನೀಲಿ ಬಂದರೂ ಮೂರನೆಯ ಅಂತಸ್ತಿನವರಿಗೆ ಜೀವಭಯವಿಲ್ಲ, ಆದರೆ ನೆಲಮಾಳಿಗೆಯನ್ನು ಮರೆಯಬಾರದು. ಅಲ್ಲಿಯ ಮನೆಗಳಲ್ಲಿ ಸಾಮಾನು ಕೋಣೆ, ಬಟ್ಟೆ ಒಗೆಯುವ ಯಂತ್ರ, ಕಾರು ಎಲ್ಲ ಇರುವುದು ಕೆಳಗೆ. ಪ್ರವಾಹದಲ್ಲಿ ಜನ ಸಾಯುವುದು ಬಹಳ ಸಲ ಕಾರು ತೆಗೆಯಲೆಂದು ನೆಲಮಾಳಿಗೆಗೆ ಇಳಿದಾಗಲೇ. ಪಾಸ್‌ಪೋರ್ಟ್, ಪದವಿಪತ್ರಗಳು ಮೇಲಿನ ಮನೆಯಲ್ಲಿರಲಿ, ಎಚ್ಚರಿಕೆ ಬಂದ ಮೇಲೆ ಯಾವ ವಸ್ತುವಿಗಾಗಿಯೂ ಕೆಳಗೆ ಹೋಗುವುದು ಬೇಡ.

ವಿಮೆಯ ಬಗ್ಗೆ ಚಿಕ್ಕದಾಗಿ: ಬಾಡಿಗೆದಾರರು ಮಾಡಿಸುವ ಗೃಹೋಪಯೋಗಿ ವಸ್ತುಗಳ ವಿಮೆಯಲ್ಲಿ ಬೆಂಕಿಯ ಜೊತೆ ಪ್ರವಾಹ, ನೆಲಜಾರು, ಹಿಮಪಾತಗಳ ಹಾನಿ ಸೇರಿರುತ್ತದೆ. ಭೂಕಂಪ ಸಾಮಾನ್ಯವಾಗಿ ಸೇರಿರುವುದಿಲ್ಲ, ಬೇಕಿದ್ದರೆ ಬೇರೆಯಾಗಿ ಕೇಳಬೇಕು.

ನೀರಿನ ಬೂದುಬಣ್ಣ ಕಾರ್ಖಾನೆಯದಲ್ಲ. ಹಿಮನದಿ ತನ್ನ ತಳದ ಬಂಡೆಯನ್ನು ಅರೆದು ಮಾಡಿದ ಹಿಟ್ಟು ಅದು, ತಳಕ್ಕೆ ಇಳಿಯದಷ್ಟು ನುಣುಪು. ಬೇಸಿಗೆಯಲ್ಲಿ ಗಾಢವಾಗಿ ಕಾಣುತ್ತದೆ, ಚಳಿಗಾಲದಲ್ಲಿ ಕರಗುವುದು ನಿಂತಾಗ ತಿಳಿಯಾಗುತ್ತದೆ. ಜಿನೀವಾ ಸರೋವರ ಸೇರುವಲ್ಲಿ ಈ ತಣ್ಣನೆಯ ಭಾರದ ನೀರು ತೇಲದೆ ಮುಳುಗಿ, ಸರೋವರದ ತಳದಲ್ಲೇ ಕಂದರ ಕೊರೆದುಕೊಂಡು ಹರಿಯುತ್ತದೆ.

ಸೊಪ್ಪಿನ ಮಡಿಯ ಪ್ರಶ್ನೆ ಮಾತ್ರ ಬೇರೆ, ಇಲ್ಲಿ ನಿಮ್ಮ ಅನುಮಾನಕ್ಕೆ ಆಧಾರವಿದೆ. ಫಿಸ್ಪ್‌ನಿಂದ ರಾರೋನ್ ಕಡೆಗೆ ಹೋಗುವ ಗ್ರೋಸ್‌ಗ್ರುಂಟ್ ಎಂಬ ಕಾಲುವೆಗೆ 1930ರ ದಶಕದಿಂದ 1970ರ ದಶಕದವರೆಗೆ ಕೈಗಾರಿಕಾ ನೀರಿನೊಡನೆ ಪಾದರಸ ಸೇರಿತ್ತು. ಆ ಕಾಲುವೆಯ ಹೂಳನ್ನು ಆಗ ಅಕ್ಕಪಕ್ಕದ ಹೊಲ, ತೋಟಗಳಿಗೆ ಹರಡಿದ್ದರು. ಈಚಿನ ವರ್ಷಗಳಲ್ಲಿ ಮನೆಗಳಿರುವ ಜಾಗಗಳ ಮಣ್ಣನ್ನು ಪರೀಕ್ಷಿಸಿ ತೆಗೆಯುವ ಕೆಲಸ ನಡೆದಿದೆ. ನಲ್ಲಿ ನೀರಿಗೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ. ಆದರೆ ಆ ಜಾಡಿನಲ್ಲಿ ಹಿತ್ತಿಲಿದ್ದರೆ, ಆ ಜಾಗದ ಮಣ್ಣು ಪರೀಕ್ಷೆಯಾಗಿದೆಯೇ ಎಂದು ಪುರಸಭೆಯಲ್ಲಿ ಕೇಳಿದ ಮೇಲೆಯೇ ಬಿತ್ತಲಿ. ಅಲ್ಲಿಯವರೆಗೆ ಬಾಲ್ಕನಿಯ ಕುಂಡಗಳಲ್ಲಿ ಮೆಂತ್ಯ ಚೆನ್ನಾಗಿ ಬರುತ್ತದೆ, ಫಿಸ್ಪ್‌ನಲ್ಲಿ ಬಿಸಿಲಿಗೇನೂ ಕೊರತೆಯಿಲ್ಲ.

ಆಗಸ್ಟ್‌ನಲ್ಲಿ ನೀವಿಬ್ಬರೂ ಹೋದಾಗ ನದಿಯ ಒಡ್ಡಿನ ಮೇಲಿನ ದಾರಿಯಲ್ಲಿ ಎಷ್ಟು ಬೇಕಾದರೂ ನಡೆಯಿರಿ. ಕೆಳಗೆ ಜಲ್ಲಿಯ ದಿಬ್ಬಗಳಿಗೆ ಇಳಿಯಬೇಡಿ. ಮೇಲಿನ ವಿದ್ಯುತ್ ಕೇಂದ್ರಗಳು ಯಂತ್ರ ಚಾಲೂ ಮಾಡಿದಾಗ ಆಕಾಶ ನಿರಭ್ರವಾಗಿದ್ದರೂ ನೀರು ಹಠಾತ್ತನೆ ಏರುತ್ತದೆ, ದಡದಲ್ಲಿ ಅದನ್ನು ಹೇಳುವ ಹಳದಿ ಫಲಕಗಳಿವೆ. ನದಿ ಒಡ್ಡಿಲ್ಲದೆ ಹೇಗಿತ್ತೆಂದು ನೋಡಬೇಕೆಂದರೆ ರೈಲಿನಲ್ಲಿ ಲೋಯ್ಕ್‌ಗೆ ಹೋಗಿ. ಅಲ್ಲಿಂದ ಸಿಯೇರ್‌ವರೆಗೆ ಫಿನ್ ಎಂಬ ಪೈನ್ ಕಾಡಿನ ಪಕ್ಕದಲ್ಲಿ ರೋನ್ ಇನ್ನೂ ಕವಲುಕವಲಾಗಿ ಹರಿಯುತ್ತದೆ. ಅದಕ್ಕೆ ಜಲ್ಲಿ ಒದಗಿಸುವುದು ಇಲ್‌ಗ್ರಾಬೆನ್ ಎಂಬ ಕಂದರ, ಪ್ರತಿ ಬೇಸಿಗೆಯಲ್ಲಿ ಹಲವು ಬಾರಿ ಬಂಡೆ-ಕೆಸರಿನ ಪ್ರವಾಹ ಇಳಿಯುವ ಜಾಗ. 2000ದಿಂದ ವಿಜ್ಞಾನಿಗಳು ಅದನ್ನು ಉಪಕರಣಗಳಿಂದ ಅಳೆಯುತ್ತಿದ್ದಾರೆ. ಅದರ ಮೇಲೆ ಭೂತಾನ್ ಸೇತುವೆ ಎಂಬ ತೂಗುಸೇತುವೆ ಇದೆ, ಕಂದರದ ಆಚೀಚೆ ಹೋಗಲು ಅದನ್ನೇ ಬಳಸಿ. ತಳದಲ್ಲಿ ದಾಟುವ ಕಾಲುದಾರಿಗಳಲ್ಲಿ ಎಚ್ಚರಿಕೆಯ ದೀಪ, ಸದ್ದು ಅಳವಡಿಸಿದ್ದಾರೆ. ಅದು ಮೊಳಗಿದರೆ ಕಾಯಬೇಕಾಗುವುದು ನಿಮಿಷಗಳ ಲೆಕ್ಕದಲ್ಲಲ್ಲ, ಹಿಂತಿರುಗಿ ನಿಲ್ದಾಣಕ್ಕೆ ಬನ್ನಿ.